ಬಿಟ್ಟು ಹೋದವರ ಸರಾಸರಿ

ತನ್ನ ಸಂಶೋಧನೆಯ ಸುದ್ದಿ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆ ಚಂದ್ರಪ್ರಭಾ ಸಿಡ್ನಿಯ ಹೊರವಲಯದ ಟೂಂಗಾಬಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದನ್ನು ಫೋನಿನಲ್ಲಿ ಎರಡು ಸಲ ಓದಿದಳು. ಮೊದಲ ಸಲ ಹಿಗ್ಗಿನಿಂದ ಓದಿದಳು. ಎರಡನೆಯ ಸಲ ಓದುವಾಗ ಒಂದು ಪ್ಯಾರಾದ ಹತ್ತಿರ ತಡೆದು ನಿಂತಳು. ಯಾಕೆಂದು ಯೋಚಿಸುವಷ್ಟರಲ್ಲಿ ರೈಲು ಬಂತು.

ಅವಳು ಸಿಡ್ನಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಾರ್ಮಿಕ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ಬೆಳಗಾವಿಯವಳು, ಧಾರವಾಡದಲ್ಲಿ ಎಂ.ಎ. ಮುಗಿಸಿ ಮೆಲ್ಬರ್ನಿನಲ್ಲಿ ಪಿಎಚ್.ಡಿ. ಮಾಡಿದ್ದಳು. ಆಮೇಲೆ ಬಹಳ ವರ್ಷ ಮೆಲ್ಬರ್ನಿನಲ್ಲೊಂದು ಸೆಮಿಸ್ಟರ್, ಸಿಡ್ನಿಯಲ್ಲೊಂದು ಸೆಮಿಸ್ಟರ್ ಎಂದು ಗುತ್ತಿಗೆಯ ಮೇಲೆ ಪಾಠ ಮಾಡಿದಳು. ನವೆಂಬರ್ ಬಂತೆಂದರೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಕೆಲಸದ ಅಭದ್ರತೆಯ ಬಗ್ಗೆ ಅವಳು ಬರೆದ ಮೊದಲ ಲೇಖನಗಳೆಲ್ಲ ಆ ನವೆಂಬರ್‌ಗಳಲ್ಲೇ ಹುಟ್ಟಿದ್ದವು. ಈಗ ನೌಕರಿ ಕಾಯಂ ಆಗಿತ್ತು. ಅಸೋಸಿಯೇಟ್ ಪ್ರೊಫೆಸರ್ ಹುದ್ದೆಯ ಬಡ್ತಿಗೆ ಅರ್ಜಿ ಹಾಕಿದ್ದಳು. ಬರುವ ಸೋಮವಾರ ಅದರ ಸಂದರ್ಶನವಿತ್ತು.

ಸುದ್ದಿಯಾದ ಸಂಶೋಧನೆ ಅವಳ ಇಷ್ಟು ವರ್ಷಗಳ ದುಡಿಮೆ. ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ ವೀಸಾ ಪಡೆದು ಬಂದವರು, ಕೆಲಸ ಹೋದರೆ ವೀಸಾವೂ ಹೋಗುತ್ತದೆಂದು, ಕೆಲಸ ಬಿಡಲು ಹೆದರುತ್ತಾರೆ. ಬಿಡಲಾರರು ಎಂದು ಗೊತ್ತಿರುವ ಮಾಲೀಕ ಅವರಿಗೆ ಕಡಿಮೆ ಕೊಡುತ್ತಾನೆ, ಹೆಚ್ಚು ದುಡಿಸುತ್ತಾನೆ. ಇದನ್ನು ಅವಳು ಸರ್ಕಾರದ ತೆರಿಗೆ ಮತ್ತು ವೀಸಾ ಅಂಕಿಅಂಶಗಳಿಂದ ತೋರಿಸಿದ್ದಳು. ಲಕ್ಷಾಂತರ ಜನರ ಹೆಸರಿಲ್ಲದ ಸಾಲುಗಳವು. ಬರೀ ಸಂಖ್ಯೆಗಳಲ್ಲಿ ಜೀವವಿಲ್ಲ ಅನ್ನಿಸಿ, ಒಂದಷ್ಟು ಮಂದಿಯನ್ನು ತಾನೇ ಭೇಟಿಯಾಗಿ ಮಾತಾಡಿಸಿದ್ದಳು. ಹೆಸರು ಎಲ್ಲೂ ಬರುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದಳು.

ಹೆಸರು ಬಂದಿರಲಿಲ್ಲ. ಆದರೆ ಅವಳು ಕನ್ನಡದಿಂದ ಇಂಗ್ಲಿಷಿಗೆ ತಂದು ಪ್ರಬಂಧದ ನಡುವೆ ಎಲ್ಲೋ ಹಾಕಿದ್ದ ಒಂದು ಮಾತನ್ನು ಪತ್ರಿಕೆಯವರು ಎತ್ತಿ ತಲೆಬರಹ ಮಾಡಿದ್ದರು. 'ಹಗ್ಗ ಉದ್ದ ಬಿಟ್ಟಿದ್ದಾರೆ, ಓಡಾಡಬಹುದು. ಗೂಟ ಮಾತ್ರ ಅವರ ಅಂಗಳದಲ್ಲಿದೆ.' ಕೆಳಗೆ, ಇದನ್ನು ಹೇಳಿದವರು ಮೆಲ್ಬರ್ನಿನ ಉತ್ತರ ಭಾಗದಲ್ಲಿ ಆಸ್ಪತ್ರೆಗಳ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಸಣ್ಣ ಕಂಪನಿಯೊಂದರ ಇಂಜಿನಿಯರ್ ಎಂದೂ, ಅಲ್ಲಿ ವಾರಾಂತ್ಯದ ದುಡಿಮೆಯನ್ನು ಟೈಮ್‌ಶೀಟಿನಲ್ಲಿ ಬರೆಯಬೇಡಿ ಎನ್ನುತ್ತಾರೆಂದೂ ಇತ್ತು. ಈ ಮೂರೂ ವಿವರಗಳು ಅವಳ ಪ್ರಬಂಧದಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದವು. ವರದಿಗಾರ ಒಂದೇ ಪ್ಯಾರಾದಲ್ಲಿ ಕೂಡಿಸಿದ್ದ.

ರೈಲಿನಲ್ಲಿ ಅಭಿನಂದನೆಗಳು ಬರುತ್ತಲೇ ಇದ್ದವು. ನಾರ್ತ್ ಸಿಡ್ನಿಯ ಆಫೀಸಿನಿಂದ ಗಂಡ ವೀರೇಂದ್ರ, 'ಫೇಮಸ್ ಆದ್ರಲ್ಲ ಮೇಡಮ್ಮಾರು' ಎಂದು ಮೆಸೇಜ್ ಹಾಕಿದ್ದ. ವಿಭಾಗದ ಮುಖ್ಯಸ್ಥೆ ಬ್ರಾನ್‌ವಿನ್, ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂದು ಬರೆದಿದ್ದಳು. ಚಂದ್ರಪ್ರಭಾ ಎಲ್ಲರಿಗೂ ಕೈಮುಗಿದ ಚಿತ್ರ ಕಳಿಸಿ, ಆ ಪ್ಯಾರಾವನ್ನು ಮರೆಯಲು ನೋಡಿದಳು.

ಮಧ್ಯಾಹ್ನ ಕ್ಲಾಸು ಮುಗಿಸಿ ಬರುವಾಗ ಇಂದ್ರೇಶ್ ಫೋನ್ ಮಾಡಿದ. ದಾವಣಗೆರೆ ಕಡೆಯ ಹುಡುಗ, ಓದಲು ಬಂದು ಇಲ್ಲೇ ಕೆಲಸ ಹಿಡಿದವನು. ಮೆಲ್ಬರ್ನಿನ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾಗಿ, ಅವಳ ಅಧ್ಯಯನಕ್ಕೆ ಮಾತಾಡಲು ಒಪ್ಪಿದ್ದ. ವರದಿಯಲ್ಲಿದ್ದದ್ದು ಅವನ ಕಂಪನಿಯೇ.

"ಮೇಡಂ, ಫ್ರೀ ಇದೀರಾ? ಆ ಆರ್ಟಿಕಲ್‌ನ ನಮ್ಮ ಮ್ಯಾನೇಜರ್ ಓದಿದಾನೆ."

ಅವಳು ಕಾರಿಡಾರಿನಲ್ಲೇ ನಿಂತಳು. "ಏನಂದ?"

"ರೂಮಿಗೆ ಕರೆದು, ಇದು ನಮ್ಮ ಬಗ್ಗೇನಾ ಅಂತ ಕೇಳ್ದ. ಗೊತ್ತಿಲ್ಲ ಅಂದೆ. ನಕ್ಕ. ಬೈದಿದ್ರೆ ಪರವಾಗಿರ್ಲಿಲ್ಲ ಮೇಡಂ, ಅವ್ನು ನಕ್ಕಿದ್ದು ನೋಡಿ ಭಯ ಆಯ್ತು."

"ಅದರಲ್ಲಿ ಯಾರ ಹೆಸರೂ ಇಲ್ಲ ಇಂದ್ರೇಶ್."

"ಹೆಸರು ಯಾಕೆ ಬೇಕು? ವೀಕೆಂಡ್ ಆನ್‌ಕಾಲ್ ಬಗ್ಗೆ ಟೀಮ್ ಮೀಟಿಂಗಲ್ಲಿ ಬಾಯಿ ಬಿಟ್ಟವನು ನಾನೊಬ್ಬನೇ. ಸೋಮವಾರ ಎಚ್ಆರ್ ಜೊತೆ ಮೀಟಿಂಗ್ ಇಟ್ಟಿದಾರೆ, 'ರೋಲ್ ರಿವ್ಯೂ' ಅಂತೆ, ನನ್ನ ಪೋಸ್ಟ್ ಬೇಕೋ ಬೇಡ್ವೋ ನೋಡೋಕೆ." ಅವನು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. "ಮೇಡಂ, ಆ ಹಗ್ಗ, ಗೂಟ... ಅದು ನಂದಾ? ನಾನು ಹಂಗೆ ಹೇಳಿದ್ನಾ? ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ."

ಅವನದಲ್ಲ ಎಂದು ಚಂದ್ರಪ್ರಭಾಗೆ ಆ ಕ್ಷಣವೇ ಗೊತ್ತಿತ್ತು. ಅದನ್ನು ಹೇಳಿದವನು ಪ್ರಮೋದ್, ಅದೇ ಕಂಪನಿಯ ಇನ್ನೊಬ್ಬ ಇಂಜಿನಿಯರ್. ಮೆಲ್ಬರ್ನಿನ ಉತ್ತರದ ಕ್ರೇಗಿಬರ್ನಿನ ಕೆರೆಯ ಪಕ್ಕದ ಬೆಂಚಿನ ಮೇಲೆ ಕೂತು, ಬಾತುಕೋಳಿಗಳನ್ನು ನೋಡುತ್ತಾ ಹೇಳಿದ್ದ. ಗೋಕಾಕದವನು. 'ನೀವು ನಮ್ಮ ಕಡೆಯವ್ರು, ನಿಮ್ಮ ಮುಂದ ಹೇಳ್ಕೊಳ್ಳಾಕ ಏನ್ ಸಂಕೋಚ' ಎಂದು ಮನಸ್ಸು ಬಿಚ್ಚಿದ್ದ. ಅವನನ್ನು ಅವಳ ಹತ್ತಿರ ಕಳಿಸಿದ್ದು ಇಂದ್ರೇಶನೇ. ಆ ಕಂಪನಿಯಿಂದ ಅವಳು ಮಾತಾಡಿಸಿದ್ದು ಇವರಿಬ್ಬರನ್ನು ಮಾತ್ರ. 'ನಿಮ್ಮದಲ್ಲ' ಎಂದು ಈಗ ಇಂದ್ರೇಶನಿಗೆ ಹೇಳಿದರೆ ಪ್ರಮೋದನ ಹೆಸರು ಹೇಳಿದಂತೆಯೇ.

"ಯಾರು ಏನು ಹೇಳಿದರು ಅನ್ನೋದನ್ನ ನಾನು ಹೇಳೋ ಹಾಗಿಲ್ಲ," ಅಂದಳು. ತನ್ನ ದನಿ ಬ್ಯಾಂಕಿನ ಕೌಂಟರಿನವರ ದನಿಯ ಹಾಗೆ ಕೇಳಿಸಿತು.

"ನಾನೇ ಹೇಳಿದ್ದನ್ನ ನನಗೇ ಹೇಳೋ ಹಾಗಿಲ್ವಾ?"

ಅವಳು ಮತ್ತೆ ಅದನ್ನೇ ಹೇಳಿದಳು. ಅವನು "ಸರಿ ಮೇಡಂ" ಎಂದು ಫೋನಿಟ್ಟ.

ಬ್ರಾನ್‌ವಿನ್ ಕೆಟ್ಟವಳಲ್ಲ. ಚಂದ್ರಪ್ರಭಾ ಹೋಗಿ ಹೇಳಿದ್ದನ್ನು ಬಾಗಿಲು ಹಾಕಿ ಪೂರ್ತಿ ಕೇಳಿದಳು, ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆಯ ಸಮಿತಿಯವರಿಗೆ ಎದುರಲ್ಲೇ ಫೋನ್ ಮಾಡಿದಳು. ಅವರ ಸಲಹೆ ಸ್ಪಷ್ಟವಾಗಿತ್ತು: ಹೆಸರು, ಕಂಪನಿ ಎರಡನ್ನೂ ತೆಗೆಯಲಾಗಿದೆ, ನಿಯಮ ಮುರಿದಿಲ್ಲ. ಯಾರು ಕೇಳಿದರೂ ಹೌದು ಎನ್ನಬೇಡಿ, ಅಲ್ಲ ಎನ್ನಬೇಡಿ. ಸದ್ಯಕ್ಕೆ ಆ ಇಬ್ಬರ ಸಂಪರ್ಕ ಬೇಡ.

"ಅವನ ಕೆಲಸ ಹೋದರೆ?" ಎಂದು ಚಂದ್ರಪ್ರಭಾ ಕೇಳಿದಳು.

"ಅದಕ್ಕೆ ಕಾನೂನಿದೆ, ಅವನು ದೂರು ಕೊಡಬಹುದು," ಅಂದಳು ಬ್ರಾನ್‌ವಿನ್. ಆಮೇಲೆ ತಗ್ಗಿದ ದನಿಯಲ್ಲಿ, "ಸೋಮವಾರದವರೆಗೆ ಇದನ್ನು ದೊಡ್ಡದು ಮಾಡಿಕೊಳ್ಳಬೇಡ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ," ಎಂದಳು.

ದೂರು ಕೊಟ್ಟವರ ಕಥೆಯೂ ಚಂದ್ರಪ್ರಭಾಳ ಅಂಕಿಅಂಶಗಳಲ್ಲಿತ್ತು. ಗೆಲ್ಲುತ್ತಿದ್ದರು, ನಿಜ. ಆದರೆ ತೀರ್ಪು ಬರುವ ಹೊತ್ತಿಗೆ ಎಷ್ಟೋ ಜನರ ವೀಸಾ ಮುಗಿದಿರುತ್ತಿತ್ತು.

ಸಂಜೆ ಅವಳು ಚಪಾತಿ ಲಟ್ಟಿಸುತ್ತಾ ಲಟ್ಟಣಿಗೆ ಕೆಳಗಿಟ್ಟು ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು. ವೀರೇಂದ್ರ ಹೆಂಚಿನ ಮೇಲಿದ್ದ ಚಪಾತಿಯನ್ನು ತಾನೇ ತಿರುವಿ ಹಾಕಿದ.

"ನೀ ಏನ್ ತಪ್ಪ ಮಾಡೀದಿ? ಹೆಸರ ಬರದಿಲ್ಲಲಾ," ಅಂದ.

"ಆ ಮಾತ ಹಾಕಬಾರದಿತ್ತರಿ. ಅದನ್ನ ಕೇಳಿದ ಕೂಡ್ಲೆ ನನಗ ಆಸೆ ಆತು. ಇಂಥಾ ಮಾತ ಸಿಕ್ಕರ ಪೇಪರ್ ಎದ್ದ ನಿಲ್ತದ ಅನಿಸ್ತು. ಅಂವಾ ಯಾರು, ಎಲ್ಲಿ ಕೆಲಸ ಮಾಡ್ತಾನ ಅನ್ನೂದು ಹಿಂದ ಬಿತ್ತು."

"ಈಗೇನ್ ಮಾಡ್ತಿ?"

"ಮೆಲ್ಬರ್ನಿಗೆ ಹೋಗ್ತೀನಿ."

"ಹೋಗಬ್ಯಾಡ ಅಂದಾರಲ್ಲ ಯೂನಿವರ್ಸಿಟಿಯವ್ರು?"

"ಅಂದಾರ."

ವೀರೇಂದ್ರ ಇನ್ನೊಂದು ಚಪಾತಿ ಹೆಂಚಿಗೆ ಹಾಕಿದ. ಅವನೂ ಒಂದು ಕಾಲಕ್ಕೆ ಅದೇ ವೀಸಾದ ಮೇಲೆ ಇದ್ದವನು. ಆಗ ಜ್ವರ ಬಂದರೂ ರಜೆ ಕೇಳುತ್ತಿರಲಿಲ್ಲ. "ಶನಿವಾರ ಮುಂಜಾನೆ ಏರ್‌ಪೋರ್ಟಿಗೆ ನಾ ಬಿಡ್ತೀನಿ," ಅಂದ.

ಶನಿವಾರದವರೆಗಿನ ಎರಡು ದಿನ ಅವಳು ಕ್ಲಾಸು ತೆಗೆದುಕೊಂಡಳು, ರೇಡಿಯೋದವರ ಕರೆ ಬಂದರೆ ಸಮಯವಿಲ್ಲ ಎಂದಳು. ವರದಿಯ ಕೆಳಗೆ ಓದುಗರು ಹಾಕಿದ ಅಭಿಪ್ರಾಯಗಳನ್ನು ಮತ್ತೆ ಮತ್ತೆ ತೆರೆದು, ಯಾರಾದರೂ ಕಂಪನಿಯ ಹೆಸರು ಊಹಿಸಿ ಬರೆದಿದ್ದಾರೆಯೇ ಎಂದು ಹುಡುಕಿದಳು. ಯಾರೂ ಬರೆದಿರಲಿಲ್ಲ. ಆದರೂ ಮತ್ತೆ ತೆರೆಯುವುದನ್ನು ನಿಲ್ಲಿಸಲಾಗಲಿಲ್ಲ.

ಶನಿವಾರ ಮೆಲ್ಬರ್ನಿನಲ್ಲಿ ಚುಚ್ಚುವ ಗಾಳಿ. ಏರ್‌ಪೋರ್ಟಿನಿಂದ ಕ್ರೇಗಿಬರ್ನ್ ದೂರವಿಲ್ಲ. ಅವಳು ಮೊದಲು ಪ್ರಮೋದನನ್ನು ಕಂಡಳು. ಶಾಪಿಂಗ್ ಸೆಂಟರಿನ ಹೊರಗಿನ ಕೆಫೆಯೊಂದರಲ್ಲಿ ಅವನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಕಾಫಿ ಮುಟ್ಟಿರಲಿಲ್ಲ.

"ಮೇಡಂ, ನನ್ನ ಹೆಸರ ಎತ್ತಬ್ಯಾಡ್ರಿ," ಎಂಬುದೇ ಅವನ ಮೊದಲ ಮಾತು. "ಕಾಯಂ ಇಲ್ಲೇ ಇರೂ ಪಿಆರ್ ಫೈಲ್ ಒಳಗ ಐತಿ. ಈ ತಿಂಗಳೋ ಬರೂ ತಿಂಗಳೋ ಬರ್ತೈತಿ. ಕಂಪನಿಯವ್ರು ಈಗ ಅದರ ಶಿಫಾರಸು, ನಾಮಿನೇಷನ್, ಹಿಂದಕ್ಕ ತೊಗೊಂಡ್ರ ಎಲ್ಲಾ ಹೊಳ್ಳಿ ಮೊದಲಿಂದ."

"ನಾನು ಯಾರಿಗೂ ಹೇಳಿಲ್ಲ ಪ್ರಮೋದ್, ಹೇಳೂದೂ ಇಲ್ಲ. ಆದ್ರ ಇಂದ್ರೇಶ್ ತನ್ನ ಮಾತ ಅಂತ ತಿಳಕೊಂಡಾನ. ಸೋಮವಾರ ಅವನ್ನ ಕೂಡಿಸಿ ಕೇಳ್ತಾರ."

"ಗೊತ್ತೈತ್ರಿ. ಆಫೀಸಿನಾಗ ಎಲ್ಲಾರೂ ಅವನಿಂದ ಸ್ವಲ್ಪ ದೂರ ಕುಂಡ್ರಾಕತ್ತಾರ." ಅವನ ಕಣ್ಣು ಕೆಂಪಾಗಿದ್ದವು. "ನಾನೂ ದೂರ ಕುಂತೀನ್ರಿ. ಹತ್ರ ಹೋದ್ರ ನನ್ನ ಮಾರಿ ನೋಡಿ ತಿಳೀತೈತಿ ಅಂತ ಹೆದರಿಕಿ."

ಅವಳು ಕೇಳಬೇಕೆಂದು ಬಂದದ್ದು ಒಂದೇ ಮಾತು: ಇಂದ್ರೇಶನಿಗೆ ಮಾತ್ರ, ಬೇರೆ ಯಾರಿಗೂ ಅಲ್ಲ, ನಿಜ ಹೇಳಲು ಒಪ್ಪಿಗೆ ಕೊಡುತ್ತೀಯಾ. ಕೇಳಿದಳು. ಪ್ರಮೋದ್ ಬೇಡವೆಂದು ತಲೆಯಲ್ಲಾಡಿಸಿದ. "ಅಂವಾ ಹೇಳೂದಿಲ್ರಿ, ಗೊತ್ತೈತಿ. ಆದ್ರ ಅವನ ಹೆಂಡ್ತಿಗೆ ಗೊತ್ತಾದ್ರ? ಸಿಟ್ಟಿನಾಗ ಯಾರಿಗಾದ್ರೂ ಅಂದ್ರ? ನನ್ನ ಕಡಿಂದ ಆಗೂದಿಲ್ರಿ ಮೇಡಂ. ತಪ್ಪ ತಿಳೀಬ್ಯಾಡ್ರಿ."

ಅವಳು ತಪ್ಪು ತಿಳಿಯಲಿಲ್ಲ. ಇವನು ಹೀಗೆ ಹೆದರುವುದನ್ನೇ ಅವಳು ಕೋಷ್ಟಕ ಮಾಡಿ, ರೇಖಾಚಿತ್ರ ಮಾಡಿ ಅಚ್ಚು ಹಾಕಿಸಿದ್ದಳು. ಈಗ ಆ ಹೆದರಿಕೆ ಎದುರು ಕುರ್ಚಿಯಲ್ಲಿ ಕೂತು ಬೆರಳಿನಿಂದ ಸಕ್ಕರೆ ಪೊಟ್ಟಣ ಹರಿಯುತ್ತಿತ್ತು.

ಇಂದ್ರೇಶನ ಮನೆ ಅಲ್ಲಿಂದ ಹತ್ತಿರ. ಹೊಸ ಬಡಾವಣೆ, ಒಂದೇ ಅಚ್ಚಿನ ಮನೆಗಳು, ಇನ್ನೂ ಎಳೆಯ ಬೀದಿ ಮರಗಳು. ಬಾಗಿಲು ತೆರೆದದ್ದು ಅವನ ಹೆಂಡತಿ ಕೃಪಾ. ಮೈಸೂರಿನವಳು, ಅಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವಳು ಇಲ್ಲಿ ಚೈಲ್ಡ್‌ಕೇರ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದಳು.

"ಬನ್ನಿ," ಅಂದಳು. ಟೀ ತಂದಿಟ್ಟು ನಿಂತೇ ಕೇಳಿದಳು. "ನೀವು ಬುಕ್ಕು, ಪೇಪರ್ರು ಬರೀತೀರಿ, ಪ್ರೊಫೆಸರ್ ಆಗ್ತೀರಿ. ನಮಗೇನು ಸಿಗತ್ತೆ ಮೇಡಂ ಇದರಿಂದ? ನನಗೆ ಅರ್ಥ ಆಗೋ ಹಾಗೆ ಹೇಳಿ."

"ಕೃಪಾ," ಅಂದ ಇಂದ್ರೇಶ್.

"ಇಲ್ಲ, ಕೇಳ್ತೀನಿ ನಾನು. ಇವರು ಒಳ್ಳೇದಾಗತ್ತೆ ಅಂತ ಮಾತಾಡಿದ್ರು. ನಾಲ್ಕು ಜನಕ್ಕೆ ಹೆಲ್ಪ್ ಆಗತ್ತೆ ಅಂದ್ರು. ಈಗ ಮಗಳ ಸ್ಕೂಲು, ರೆಂಟು, ಎಲ್ಲ ಒಬ್ಬ ಮನುಷ್ಯನ ವೀಸಾ ಮೇಲೆ ನಿಂತಿದೆ."

"ನಿಮ್ಮ ಸಿಟ್ಟು ಸರಿ," ಎಂದಳು ಚಂದ್ರಪ್ರಭಾ. ಬೇರೆ ಏನು ಹೇಳಿದರೂ ಸಮಜಾಯಿಷಿ ಅನ್ನಿಸುತ್ತಿತ್ತು. "ಆ ಸಾಲನ್ನ ತೆಗೀಬೇಕು ಅಂತ ಜರ್ನಲ್‌ನವರಿಗೆ ಬರೆದಿದ್ದೀನಿ. ಆದರೆ ಪತ್ರಿಕೆಯಲ್ಲಿ ಬಂದಿದ್ದನ್ನ ವಾಪಸ್ ತಗೊಳ್ಳೋಕೆ ಆಗಲ್ಲ."

"ಒಂದು ಲೆಟರ್ ಕೊಡಿ ಹಾಗಾದ್ರೆ. ಆ ಮಾತು ಇಂದ್ರೇಶ್ ಹೇಳಿದ್ದಲ್ಲ ಅಂತ. ಯೂನಿವರ್ಸಿಟಿ ಲೆಟರ್‌ಹೆಡ್ ಮೇಲೆ."

ಆ ಪತ್ರ ಬರೆದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ. ಆದರೆ ಮ್ಯಾನೇಜರ್ ಅದನ್ನು ಓದಿ ಮಡಚಿಟ್ಟು, ಟೀಮಿನಲ್ಲಿ ಇನ್ನಾರು ಕನ್ನಡದವರಿದ್ದಾರೆಂದು ತಲೆಯೆತ್ತಿ ನೋಡುತ್ತಾನೆ. "ಕೊಡೋಕೆ ಆಗಲ್ಲ," ಅಂದಳು. "ಯಾರದು ಅಂತಲೂ ಹೇಳೋಕಾಗಲ್ಲ, ಯಾರದಲ್ಲ ಅಂತಲೂ ಹೇಳೋಕಾಗಲ್ಲ."

ಕೃಪಾ ಅವಳನ್ನೇ ನೋಡಿದಳು. ಒಳಗಿನಿಂದ ಮಗಳು ಇಂಗ್ಲಿಷಿನಲ್ಲಿ ಏನೋ ಕೂಗಿ ಕರೆದಳು. ಕೃಪಾ ತಿರುಗಿ ಹೋದಳು. ಹೋಗುವಾಗ ಬಾಗಿಲು ಜೋರಾಗಿ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚಂದ್ರಪ್ರಭಾಗೆ.

ಇಂದ್ರೇಶ್ ಹಿತ್ತಲಿನ ಗಾಜಿನ ಬಾಗಿಲು ಸರಿಸಿ, "ಬನ್ನಿ ಮೇಡಂ, ಹೊರಗೆ" ಅಂದ. ಹೊರಗೆ ಬಟ್ಟೆ ಒಣಹಾಕಿದ್ದರು, ಗಾಳಿಗೆ ಪಟಪಟಿಸುತ್ತಿದ್ದವು. ಅವನು ದನಿ ತಗ್ಗಿಸಿದ.

"ಲೆಟರ್ ಬೇಡ. ಅದು ಯಾರ ಮಾತು ಅಂತ ನಂಗೊತ್ತು."

ಅವಳು ಮುಖದಲ್ಲಿ ಏನೂ ತೋರಿಸದಿರಲು ಪ್ರಯತ್ನಪಟ್ಟಳು.

"ನೀವು ಏನೂ ಹೇಳ್ಬೇಡಿ. ಮೊನ್ನೆ ಟ್ರೈನಲ್ಲಿ ಬರ್ತಾ ಆ ಇಂಗ್ಲಿಷ್ ಸಾಲನ್ನ ಮನಸ್ಸಲ್ಲೇ ಕನ್ನಡಕ್ಕೆ ಮಾಡ್ಕೊಂಡೆ. ಅಂಗಳ ಅನ್ನೋ ಮಾತು ನನ್ನ ಬಾಯಲ್ಲಿ ಬರೋದೇ ಇಲ್ಲ. ಆಫೀಸಲ್ಲಿ ಹಂಗೆ ಹೇಳೋನು ಒಬ್ಬನೇ, ಆಗ ಹೊಳೀತು. ಆಮೇಲೆ ಅವ್ನು ಮೂರು ದಿನದಿಂದ ನನ್ನ ಜೊತೆ ಊಟಕ್ಕೆ ಬರ್ತಿಲ್ಲ." ಅವನು ಒಣಗಿದ ಟವೆಲೊಂದನ್ನು ತೆಗೆದು ಮಡಚತೊಡಗಿದ. "ಅವ್ನ ಪಿಆರ್ ಬಾಗಿಲ ಹತ್ರ ಬಂದು ನಿಂತಿದೆ. ನಂದು ಇನ್ನೂ ಅಪ್ಲೈನೇ ಮಾಡಿಲ್ಲ. ಇಬ್ರಲ್ಲಿ ಒಬ್ರು ಸಿಕ್ಕಿಹಾಕ್ಕೋಬೇಕು ಅಂದ್ರೆ ನಾನೇ ವಾಸಿ. ಕೃಪಾಗೆ ಇದನ್ನ ಹೇಳಿಲ್ಲ. ಹೇಳಿದ್ರೆ ನನ್ನ ಹುಚ್ಚ ಅಂತಾಳೆ."

ಚಂದ್ರಪ್ರಭಾ ಒಣಹಾಕಿದ ಬಟ್ಟೆಗಳ ಕಡೆ ಮುಖ ತಿರುಗಿಸಿದಳು. ಮುಖದಲ್ಲಿ ಏನು ಕಂಡರೂ ಅದು ಒಪ್ಪಿಕೊಂಡಂತೆ.

"ಒಂದು ಕೇಳ್ತೀನಿ, ಅದಕ್ಕೆ ಮಾತ್ರ ಆನ್ಸರ್ ಮಾಡಿ," ಅಂದ ಇಂದ್ರೇಶ್. "ನಿಮ್ಮ ಪೇಪರ್ ಪೂರ್ತಿ ಓದ್ದೆ. ಮೊದಲು ಕೆಲಸ ಬಿಟ್ರೆ ಎರಡೇ ತಿಂಗಳಲ್ಲಿ ಬೇರೆ ಸ್ಪಾನ್ಸರ್ ಹುಡುಕ್ಬೇಕಿತ್ತು, ಈಗ ಆರು ತಿಂಗಳು ಕೊಟ್ಟಿದಾರೆ, ಹೀಗೆ ಬಿಟ್ಟು ಹೋದವರು ಆವರೇಜ್ ನೋಡಿದ್ರೆ ಮುಂಚೆಗಿಂತ ಚೆನ್ನಾಗಿದಾರೆ ಅಂತ ಬರ್ದಿದೀರ. ನಿಜಾನಾ?"

"ನಿಜ."

"ಅಂದ್ರೆ ನಾನು ಸೋಮವಾರ ಅವ್ರು ತೆಗೆಯೋ ಮುಂಚೆ ನಾನೇ ಬಿಟ್ರೆ, ನಂಗೂ ಒಳ್ಳೇದಾಗತ್ತೆ?"

ಇಷ್ಟು ವರ್ಷ ಅವಳು ಸಮ್ಮೇಳನಗಳಲ್ಲಿ ಎಷ್ಟೋ ಪ್ರಶ್ನೆಗಳನ್ನು ಎದುರಿಸಿದ್ದಳು. ಕಠಿಣವಾದ ಪ್ರಶ್ನೆಗಳಿಗೆ ಅವಳ ಬಳಿ ಸ್ಲೈಡುಗಳಿರುತ್ತಿದ್ದವು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅದು ಸರಾಸರಿ ಇಂದ್ರೇಶ್. ಬಿಟ್ಟು ಹೋದವರಲ್ಲಿ ಕೆಲವರಿಗೆ ಬಹಳ ಒಳ್ಳೇದಾಗಿದೆ, ಕೆಲವರಿಗೆ ಏನೂ ಸಿಗದೆ ದೇಶ ಬಿಡಬೇಕಾಯ್ತು. ಇನ್ನೊಂದು ವಿಷಯ ಇದೆ. ಹೋದವರು ಧೈರ್ಯವಾಗಿ ಹೋಗಿದ್ದು ಯಾಕೆ ಅಂದ್ರೆ, ಬಹುಶಃ ಅವರಿಗೆ ಮೊದಲೇ ಇನ್ನೊಂದು ಕಡೆ ಕೆಲಸ ಗೊತ್ತಾಗಿತ್ತು. ಅಂಥವರೇ ಹೆಚ್ಚು ಬಿಟ್ಟಿದ್ದರೆ, ನನ್ನ ಆವರೇಜ್ ಅವರದು. ಏನೂ ಕೈಯಲ್ಲಿಲ್ಲದೆ ಬಿಡೋವರದಲ್ಲ. ಅದನ್ನ ಸರಿಮಾಡೋಕೆ ಲೆಕ್ಕದಲ್ಲಿ ದಾರಿ ಇದೆ, ನಾನು ಮಾಡಿದ್ದೀನಿ, ಆದರೂ ಆ ದೋಷ ಪೂರ್ತಿ ಹೋಗಲ್ಲ."

"ನಾನು ಯಾವ ಗುಂಪು?"

"ಗೊತ್ತಿಲ್ಲ."

ಅವನು ಟವೆಲನ್ನು ಬುಟ್ಟಿಗೆ ಹಾಕಿದ. "ನೀವು ಹೌದು ಅಂದುಬಿಡ್ತೀರ ಅಂದ್ಕೊಂಡಿದ್ದೆ," ಅಂದ. "ಹೌದು ಅಂದಿದ್ರೆ ನಂಬ್ತಿದ್ದೆ."

"ಅದಕ್ಕೇ ಅನ್ನಲಿಲ್ಲ."

ಸೋಮವಾರದ ಸಂದರ್ಶನ ಹತ್ತೂವರೆಗಿತ್ತು. ಇಂದ್ರೇಶನ ಮೀಟಿಂಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಚಂದ್ರಪ್ರಭಾ ಫೋನನ್ನು ಸೈಲೆಂಟ್ ಮಾಡಿ ಚೀಲದೊಳಗಿಟ್ಟಳು. ಮತ್ತೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಸಮಿತಿಯಲ್ಲಿ ಐದು ಜನರಿದ್ದರು. ಪ್ರಶ್ನೆಗಳು ಸುಲಭವಾಗಿದ್ದವು, ಅವಳು ಉತ್ತರಿಸುತ್ತಲೂ ಇದ್ದಳು. ಆದರೆ ಮನಸ್ಸು ಕ್ರೇಗಿಬರ್ನಿನ ಆಚೆಯ ಯಾವುದೋ ಆಫೀಸಿನ ಗಾಜಿನ ಕೋಣೆಯಲ್ಲಿತ್ತು. ಅಲ್ಲಿ ಇಂದ್ರೇಶ್ ಏನು ಹೇಳುತ್ತಿರಬಹುದು? ಪ್ರಮೋದ್ ತನ್ನ ಸೀಟಿನಿಂದ ಅತ್ತ ನೋಡದೆ ಹೇಗೆ ಕೂತಿರಬಹುದು?

ಕೊನೆಗೆ ಕಾನೂನು ವಿಭಾಗದ ಹಿರಿಯರೊಬ್ಬರು ಮುಂದೆ ಬಾಗಿ ನಕ್ಕರು. "ಆ ಹಗ್ಗದ ಮಾತು. ಅದ್ಭುತ. ಒಬ್ಬ ಅರ್ಥಶಾಸ್ತ್ರಜ್ಞೆಗೆ ಜನ ಹೀಗೆ ಮನಸ್ಸು ಬಿಚ್ಚುವಂತೆ ಮಾಡಿದ್ದು ಹೇಗೆ?"

ಬ್ರಾನ್‌ವಿನ್ ಮೇಜಿನ ಆ ತುದಿಯಿಂದ ಅವಳನ್ನು ನೋಡಿದಳು. ಆ ನೋಟದ ಅರ್ಥ ಚಂದ್ರಪ್ರಭಾಗೆ ತಿಳಿಯಿತು. ಭಾಷೆ, ಊರು, ವಿಶ್ವಾಸ ಎಂದು ನಾಲ್ಕು ಮಾತಾಡಿದರೆ ಮುಗಿಯಿತು.

"ಅವರು ನನ್ನನ್ನು ತಮ್ಮ ಊರಿನವಳು ಎಂದು ನಂಬಿದರು," ಎಂದಳು ಅವಳು. "ಆ ಸಾಲನ್ನು ನಾನು ಬಳಸಬಾರದಿತ್ತು. ನಿಯಮಗಳನ್ನೆಲ್ಲ ಪಾಲಿಸಿದ್ದೆ. ಆದರೂ ಈ ಹೊತ್ತು ಒಬ್ಬರು ಅದರಿಂದ ಕೆಲಸ ಕಳೆದುಕೊಳ್ಳುತ್ತಿರಬಹುದು. ಸಾಲನ್ನು ತೆಗೆಯಲು ಜರ್ನಲ್ಲಿಗೆ ಬರೆದಿದ್ದೇನೆ. ಸಣ್ಣ ಕಂಪನಿಗಳವರನ್ನು ಮಾತಾಡಿಸುವ ರೀತಿಯನ್ನೇ ನಾವು ಬದಲಿಸಬೇಕು ಎಂದು ನನಗನ್ನಿಸುತ್ತದೆ."

ಯಾರೋ ನೀರಿನ ಲೋಟ ಸರಿಸಿದರು. ಸಮಿತಿಯ ಅಧ್ಯಕ್ಷರು ಧನ್ಯವಾದ ಹೇಳಿದರು.

ಹೊರಗೆ ಬಂದು ಫೋನ್ ನೋಡಿದರೆ ಇಂದ್ರೇಶನ ಮೆಸೇಜು: 'ರೋಲ್ ಇಲ್ಲ ಅಂದ್ರು. ನೋಟಿಸ್ ಕೊಟ್ರು. ಯಾರ ಹೆಸರೂ ಬರ್ಲಿಲ್ಲ.'

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ವಿದ್ಯಾರ್ಥಿಗಳು ಅವಳನ್ನು ಬಳಸಿಕೊಂಡು ಹತ್ತಿ ಇಳಿದರು.

ಆಮೇಲಿನ ತಿಂಗಳುಗಳು ಕಷ್ಟದವು. ಚಂದ್ರಪ್ರಭಾ ತನಗೆ ಗೊತ್ತಿದ್ದವರನ್ನೆಲ್ಲ ಕೇಳಿದಳು. ವೀರೇಂದ್ರ ನಾರ್ತ್ ಸಿಡ್ನಿಯಲ್ಲಿ ತನ್ನ ಆಫೀಸಿನವರಿಗೂ ಪಕ್ಕದ ಆಫೀಸಿನವರಿಗೂ ಇಂದ್ರೇಶನ ರೆಸ್ಯೂಮೆ ಕಳಿಸಿದ. ಕೆಲವರು ಸಂದರ್ಶನಕ್ಕೆ ಕರೆದರು. ಸ್ಪಾನ್ಸರ್‌ಶಿಪ್ ಬೇಕು ಎಂದೊಡನೆ ಸುಮ್ಮನಾದರು. ವಕೀಲರೊಬ್ಬರು ಕಂಪನಿಯ ಮೇಲೆ ದೂರು ಕೊಡಿ, ಗೆಲ್ಲುತ್ತೀರಿ ಅಂದರು. ಆ ಕೇಸು ನಡೆದರೆ ಆ ಮಾತು ಯಾರದೆಂದು ವಿಚಾರಣೆಯಲ್ಲಿ ಕೇಳೇ ಕೇಳುತ್ತಾರೆ ಎಂದು ಇಂದ್ರೇಶ್ ಬೇಡವೆಂದ. ಕೃಪಾ ಚೈಲ್ಡ್‌ಕೇರಿನಲ್ಲಿ ಸಿಕ್ಕಷ್ಟೂ ಶಿಫ್ಟ್ ಹಿಡಿದಳು. ಚಂದ್ರಪ್ರಭಾ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಕೆಲವು ವಾರ ಅವನು ಎತ್ತುತ್ತಿರಲಿಲ್ಲ. ಎತ್ತದ ವಾರಗಳಲ್ಲಿ ಅವಳು ಪಾಠದ ನಡುವೆ ಮಾತು ಮರೆಯುತ್ತಿದ್ದಳು.

ಅದರ ನಡುವೆ ಅವಳಿಗೆ ಬಡ್ತಿ ಸಿಕ್ಕಿತು. ಸಂದರ್ಶನದಲ್ಲಿ ತೋರಿದ ಪ್ರಾಮಾಣಿಕತೆ ಸಮಿತಿಗೆ ಮೆಚ್ಚುಗೆಯಾಯಿತು ಎಂದು ಬ್ರಾನ್‌ವಿನ್ ಹೇಳಿದಳು. ಆ ಮಾತು ಕೇಳಿ ಚಂದ್ರಪ್ರಭಾಗೆ ನಾಚಿಕೆಯಾಯಿತು. ಮನೆಯಲ್ಲಿ ವೀರೇಂದ್ರ ಕುಂದಾ ತಂದಿಟ್ಟಿದ್ದ. ಒಂದು ಚಮಚ ತಿಂದು ಫ್ರಿಜ್ಜಿನಲ್ಲಿಟ್ಟಳು. ಇಂದ್ರೇಶನಿಗೆ ಇದನ್ನು ಹೇಳಲಾಗದೆ ಎರಡು ವಾರ ಒದ್ದಾಡಿದಳು. ಕೊನೆಗೆ ಅವನೇ ಎಲ್ಲಿಯೋ ಓದಿ, "ಕಂಗ್ರಾಜುಲೇಷನ್ಸ್ ಮೇಡಂ" ಅಂದ. ಅವನ ದನಿಯಲ್ಲಿ ಕಹಿಯಿರಲಿಲ್ಲ, ದಣಿವಿತ್ತು.

ಪ್ರಮೋದನಿಗೆ ಪಿಆರ್ ಬಂತು. ಬಂದ ಕೆಲವೇ ವಾರಗಳಲ್ಲಿ ಅವನು ಆ ಕಂಪನಿ ಬಿಟ್ಟ. ಇಂದ್ರೇಶನಿಗೆ ಒಂದು ಸಂಜೆ ಫೋನ್ ಮಾಡಿ, ಚಳಿ ಬಹಳ ಐತಿ ಎಂದು, ಮಗಳು ಹೆಂಗದಾಳ ಎಂದು ಅರ್ಧ ಗಂಟೆ ಮಾತಾಡಿ, ಹೇಳಬೇಕೆಂದುಕೊಂಡದ್ದನ್ನು ಹೇಳಲಾರದೆ ಇಟ್ಟುಬಿಟ್ಟನಂತೆ. "ನಾನೂ ಕೇಳ್ಲಿಲ್ಲ," ಎಂದ ಇಂದ್ರೇಶ್ ಚಂದ್ರಪ್ರಭಾಗೆ. "ಪಾಪ, ಜ್ವರ ಬಂದವರ ಥರ ನಡುಗ್ತಿತ್ತು ಅವ್ನ ದನಿ."

ವೀಸಾದ ಗಡುವು ಮುಗಿಯಲು ಕೆಲವೇ ವಾರಗಳಿದ್ದಾಗ ಇಂದ್ರೇಶನಿಗೆ ಸಿಡ್ನಿಯ ಪ್ಯಾರಮ್ಯಾಟಾದಲ್ಲಿ ಕೆಲಸ ಸಿಕ್ಕಿತು. ವೀರೇಂದ್ರ ಕಳಿಸಿದ್ದ ಜಾಗವಲ್ಲ, ಚಂದ್ರಪ್ರಭಾ ಹೇಳಿದ್ದ ಜಾಗವೂ ಅಲ್ಲ. ಅವನೇ ಹುಡುಕಿಕೊಂಡದ್ದು. ಮೊದಲಿದ್ದ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗಿನದು. ಆದರೆ ಶನಿವಾರ, ಭಾನುವಾರ ಅವನವೇ. ಕೃಪಾ ಚೈಲ್ಡ್‌ಕೇರಿನ ಕೆಲಸ ಬಿಟ್ಟಳು, ಮಗಳು ಗೆಳತಿಯರನ್ನು ಬಿಟ್ಟಳು, ಮನೆಯ ಸಾಮಾನು ಟ್ರಕ್ಕಿನಲ್ಲಿ ಸಿಡ್ನಿಗೆ ಬಂತು. ಟೂಂಗಾಬಿಯಲ್ಲೇ ಒಂದು ಫ್ಲ್ಯಾಟ್ ಬಾಡಿಗೆಗೆ ಸಿಕ್ಕಿತು. ಇಂಡಿಯನ್ ಅಂಗಡಿಗಳು ಹತ್ತಿರವಿವೆ ಎಂದು ಇಂದ್ರೇಶ್ ಹೇಳಿದ.

ಅವರು ಬಂದು ನೆಲೆಯಾದ ಮೇಲೆ ಒಂದು ಭಾನುವಾರ ಚಂದ್ರಪ್ರಭಾ ಸ್ಟೇಷನ್ ಬಳಿಯ ಪಾರ್ಕಿನಲ್ಲಿ ಕೃಪಾಳನ್ನು ಕಂಡಳು. ಮಗಳು ಜಾರುಬಂಡೆಯ ಮೇಲಿದ್ದಳು. ಚಂದ್ರಪ್ರಭಾ ದೂರದಿಂದಲೇ ಕೈಬೀಸಿ ಹೋಗಿಬಿಡಬೇಕೆಂದುಕೊಂಡಳು. ಕೃಪಾ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟು ಜಾಗ ಮಾಡಿದಳು.

ಚಂದ್ರಪ್ರಭಾ ಹೋಗಿ ಕೂತಳು.

"ಈಗ ಯಾವುದರ ಬಗ್ಗೆ ಬರೀತಿದೀರ?" ಎಂದು ಕೃಪಾ ಕೇಳಿದಳು.

"ಅದೇ. ಕೆಲಸ ಬಿಟ್ಟವರು ಆಮೇಲೆ ಎಲ್ಲಿಗೆ ಹೋದರು ಅಂತ."

"ಕೆಲಸ ಬಿಟ್ಟವರು ಅಂದ್ರೆ ವೀಸಾ ಯಾರ ಹೆಸರಲ್ಲಿದೆಯೋ ಅವರು ಮಾತ್ರಾನಾ?"

"ಹೌದು. ಡೇಟಾದಲ್ಲಿ ಹಾಗೇ ಬರುತ್ತೆ."

"ಹಾಗಾದ್ರೆ ನಾನು ಅದರಲ್ಲಿಲ್ಲ," ಅಂದಳು ಕೃಪಾ. "ನಾನೂ ಕೆಲಸ ಬಿಟ್ಟೆ. ಎರಡು ಸಲ. ಮೈಸೂರಲ್ಲೊಂದು, ಮೆಲ್ಬರ್ನಲ್ಲೊಂದು." ದೂರುವ ದನಿಯಲ್ಲಿ ಹೇಳಲಿಲ್ಲ, ಸುಮ್ಮನೆ ಹೇಳಿದಳು. "ಇಂದ್ರೇಶ್ ಕೆಲಸ ಹೋದಾಗ ನಾನು ಹೇಗಿದ್ದೆ ಅಂತ ನೀವು ಫೋನಲ್ಲಿ ಕೇಳ್ಲೇ ಇಲ್ಲ."

"ಕೇಳೋಕೆ ಹೆದರಿಕೆಯಾಗಿತ್ತು."

"ನನಗೂ ಹೇಳೋಕೆ ಮನಸ್ಸಿರ್ಲಿಲ್ಲ." ಕೃಪಾ ಫ್ಲಾಸ್ಕ್ ತೆರೆದು ಮುಚ್ಚಳಕ್ಕೆ ಕಾಫಿ ಸುರಿದಳು. ಒಂದು ಕ್ಷಣ ಅನುಮಾನಿಸಿ, ಮುಚ್ಚಳವನ್ನು ಚಂದ್ರಪ್ರಭಾಳ ಕಡೆ ಹಿಡಿದಳು. "ಈಗ ಹೇಳ್ತೀನಿ. ಆದ್ರೆ ಎಲ್ಲೂ ಬರೀಬಾರದು. ಹೆಸರು ಬಿಟ್ಟು ಬರೀತೀನಿ ಅಂತಾನೂ ಅನ್ಬಾರದು."

"ಬರೆಯಲ್ಲ," ಎಂದಳು ಚಂದ್ರಪ್ರಭಾ. ಎಂದೊಡನೆ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು, ಈ ಮಾತನ್ನಾದರೂ ತಾನು ಉಳಿಸಿಕೊಳ್ಳುತ್ತೇನೆಯೇ ಎಂದು. ಕಾಫಿ ಬಿಸಿಯಿತ್ತು. ಅವಳು ಎರಡೂ ಕೈಯಲ್ಲಿ ಮುಚ್ಚಳ ಹಿಡಿದುಕೊಂಡಳು. ಕೃಪಾ ಹೇಳತೊಡಗಿದಳು.